ಒಂದೇ ಮನೆ, ಎರಡು ಕಾಲ: 1942ರ ಕಾದಂಬರಿ ಬರೆದು ಮುಗಿಸಿದ ಆರು ವರ್ಷ

ಹೋದ ತಿಂಗಳು ನನ್ನ ಕಾದಂಬರಿ ಅಚ್ಚಾಗಿ ಬಂತು. ಮೊದಲ ಟಿಪ್ಪಣಿ ಬರೆದದ್ದು 2018ರ ಮೇ ತಿಂಗಳಲ್ಲಿ, ಕೊನೆಯ ಕರಡು ತಿದ್ದಿದ್ದು 2024ರ ಆಗಸ್ಟ್‌ನಲ್ಲಿ. ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಇದರಲ್ಲಿ ಎರಡು ವರ್ಷವಾದರೂ ಉಳಿಯುತ್ತಿತ್ತು. ತಮ್ಮ ಮನೆಯ ಹಿರಿಯರ ಚಲೇಜಾವ್ ಕಾಲದ ಕಥೆಯನ್ನು ಬರೆಯಬೇಕೆಂದು ಮನಸ್ಸಿನಲ್ಲಿಟ್ಟುಕೊಂಡವರು ಬಹಳ ಜನ ಇದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾದಂಬರಿಯಲ್ಲಿ ಎರಡು ಕಾಲಗಳಿವೆ. ಒಂದು, 1942–43ರ ಹಾವೇರಿ ಸೀಮೆಯ ಹಳ್ಳಿ. ಹೊರಗೆ ಮಹಾಯುದ್ಧ ನಡೆದಿದೆ. ಊರಿನ ಹುಡುಗರು ರಾತ್ರಿ ತಂತಿ ಕಡಿಯುತ್ತಾರೆ, ಹಗಲು ಭೂಗತರಾಗಿರುತ್ತಾರೆ, ಒಂದು ಮನೆಯ ಹೆಂಗಸರು ಅವರನ್ನು ಬಚ್ಚಿಟ್ಟು ಉಣಿಸುತ್ತಾರೆ. ಇನ್ನೊಂದು ಈಗಿನದು. ಅದೇ ಮನೆಯನ್ನು ಮಾರಿಬಿಡಲು ಊರಿಗೆ ಬಂದ ಮೊಮ್ಮಗಳ ಕಥೆ. ಮನೆ ನಮ್ಮದೇ. ಬಚ್ಚಿಟ್ಟವರಲ್ಲಿ ನನ್ನ ಅಜ್ಜಿ ಒಬ್ಬರು. 1942ರ ನವೆಂಬರ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ನನ್ನ ಅಜ್ಜ ಒಬ್ಬರು.

ಶುರುವಾದದ್ದು ಅಜ್ಜನ ಟ್ರಂಕಿನಿಂದ. ಒಂದು ಖಾದಿ ಟೊಪ್ಪಿಗೆ, 1972ರಲ್ಲಿ ಸರ್ಕಾರ ಕೊಟ್ಟ ತಾಮ್ರಪತ್ರ, ಮತ್ತು ನಾಲ್ಕು ಮಡಿಕೆಯ ಒಂದು ಪತ್ರ. ಅಜ್ಜ 1944ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲೇ ಉಳಿದಿದ್ದ ಗೆಳೆಯರೊಬ್ಬರು ಬರೆದದ್ದು. ಮೇಲೆ ಪರಿಶೀಲನೆಯ ಮುದ್ರೆ. ನಡುವೆ ಎರಡು ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿದ್ದಾರೆ. ದೀಪಕ್ಕೆ ಹಿಡಿದು ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ, ಹಿಂಬದಿಯಿಂದ ಬೆರಳಾಡಿಸಿ ನೋಡಿದೆ. ಒಂದು ಅಕ್ಷರವೂ ಸಿಗಲಿಲ್ಲ. ಆ ಎರಡು ಸಾಲು ನನ್ನನ್ನು ಆರು ವರ್ಷ ಎಳೆದುಕೊಂಡು ಹೋದವು ಎಂದರೆ ಅತಿಶಯೋಕ್ತಿಯಲ್ಲ.

ಮೊದಲ ತಪ್ಪು ಆಗಲೇ ಆಯಿತು. ಪತ್ರ ಸಿಕ್ಕ ವಾರವೇ ದಾಖಲೆ ಹುಡುಕಲು ಬೆಂಗಳೂರಿಗೆ ಹೊರಟೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನಾನು ಹಾವೇರಿಯ ಹೆಸರು ಹೇಳಿದ ಕೂಡಲೇ ಅಲ್ಲಿನ ಹಿರಿಯರೊಬ್ಬರು ಕನ್ನಡಕ ತೆಗೆದು, "ನಿಮ್ಮೂರು ಆಗ ನಮ್ಮ ಕಡೆ ಇರಲಿಲ್ಲವಲ್ಲಮ್ಮ" ಎಂದರು. ಶಾಲೆಯಲ್ಲಿ ಓದಿದ್ದ ಮಾತೇ, ತಲೆಗೆ ಹೊಳೆದಿರಲಿಲ್ಲ. ಹಾವೇರಿ ಜಿಲ್ಲೆಯಾದದ್ದೇ 1997ರಲ್ಲಿ. 1942ರಲ್ಲಿ ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಇತ್ತ ಶಿಕಾರಿಪುರದ ಬಳಿಯ ಈಸೂರು ಮೈಸೂರು ಸಂಸ್ಥಾನ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ನಿಂತ ಆ ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ನಮ್ಮ ಕಡೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು, ಅಂದರೆ ಒಂದು ತಿಂಗಳೂ ಕಳೆಯುವ ಮೊದಲು. ಬಸ್ಸು ಹತ್ತಿದರೆ ಒಂದು ಹೊತ್ತಿನ ದಾರಿ, ಆದರೆ ಆಳುವವರು ಬೇರೆ, ಪೊಲೀಸರು ಬೇರೆ, ಕಡತಗಳೂ ಬೇರೆ. ನಿಮ್ಮ ಊರು 1942ರಲ್ಲಿ ಮೈಸೂರಿನದೋ, ಮುಂಬಯಿಯದೋ, ಮದರಾಸಿನದೋ, ನಿಜಾಮರದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಟಿಕೆಟ್ಟು ಆಮೇಲೆ ತೆಗೆಸಿ.

ಮುಂಬಯಿಗೆ ಹೋಗಲು ಏಳು ತಿಂಗಳು ಬೇಕಾಯಿತು, ರಜೆ ಹೊಂದಿಸಬೇಕಿತ್ತು. ಆ ಏಳು ತಿಂಗಳು ಬೇಸರದಲ್ಲಿ ಕಳೆದೆ. ಈಗ ನೆನೆದರೆ ಅದೇ ನನ್ನ ಪುಣ್ಯ. ಬೇರೆ ಕೆಲಸವಿಲ್ಲದೆ ಊರಿಗೆ ಹೋಗಿ ಸಣ್ಣಾಯಿಯ ಮುಂದೆ ಕುಳಿತೆ.

ಸಣ್ಣಾಯಿ ಎಂದರೆ ಅಜ್ಜನ ತಂಗಿ. 1942ರಲ್ಲಿ ಅವರಿಗೆ ಹನ್ನೊಂದು ವರ್ಷ. ನಾನು ಕೇಳುವಾಗ ಎಂಬತ್ತೇಳು. ನಾನು ಆ ಹೊತ್ತಿಗೆ ಮೊದಲ ಅಧ್ಯಾಯ ಬರೆದುಕೊಂಡಿದ್ದೆ: ಪೊಲೀಸರು ಬರುತ್ತಾರೆ, ತರುಣನೊಬ್ಬ ಹಿತ್ತಲಿನ ಹಗೇವಿಗೆ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇಳಿಯುತ್ತಾನೆ, ಮೇಲೆ ಕಲ್ಲು ಮುಚ್ಚುತ್ತಾರೆ, ಮೂರು ದಿನ ಅವನು ಕತ್ತಲಲ್ಲಿ ಜೋಳದ ಮೇಲೆ ಮಲಗಿರುತ್ತಾನೆ. ಓದಿ ಹೇಳಿದೆ. ಸಣ್ಣಾಯಿ ಪೂರ್ತಿ ಕೇಳಿ, "ಹಾಗಾದರೆ ಅವನು ಸತ್ತ" ಎಂದರು.

ಹಗೇವಿನಲ್ಲಿ ಕಾಳಿನ ಉಸಿರು ತುಂಬಿರುತ್ತದೆ. ಬಾಯಿ ತೆಗೆದು, ಒಂದು ರಾತ್ರಿ ಬಿಟ್ಟು, ಹಗ್ಗಕ್ಕೆ ಚಿಮಣಿ ಕಟ್ಟಿ ಕೆಳಗೆ ಇಳಿಬಿಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟ, ಹಾಗಾಗಿ ಅವರ ಅವ್ವ ಹಣತೆಯನ್ನು ಬೋಗುಣಿಯಲ್ಲಿಟ್ಟು ಇಳಿಸುತ್ತಿದ್ದರಂತೆ. ಆ ವರ್ಷ ಒಂದು ಹಗೇವನ್ನು ಬೇಕೆಂದೇ ಬರಿದು ಮಾಡಿ, ಬಾಯಿಗೆ ಕಲ್ಲಿನ ಬದಲು ಹೆಣೆದ ತಟ್ಟಿ ಹಾಕಿ, ಮೇಲೆ ಕುಳ್ಳು ಒಟ್ಟಿದ್ದರು. ಗಾಳಿಯಾಡಬೇಕಲ್ಲ.

ಇನ್ನೊಂದು ಮಾತು ಹೇಳಿದರು. ನಾನು ಬರೆದ ಹಾಗೆ ಮಧ್ಯರಾತ್ರಿ ರೊಟ್ಟಿ ಬಡಿದು ಬುತ್ತಿ ಕಟ್ಟಲು ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಾಲ್ಕು ಮನೆಗೆ ಕೇಳುತ್ತದೆ. ಐದು ಜನರ ಮನೆಯಲ್ಲಿ ಇಪ್ಪತ್ತು ಜನರ ರೊಟ್ಟಿಯ ಸದ್ದು ಬಂದರೆ ಓಣಿ ಎಣಿಸುತ್ತದೆ. ಅದಕ್ಕೇ ರಾತ್ರಿ ಬಂದವರಿಗೆ ಯಾವಾಗಲೂ ನುಚ್ಚು, ಮಜ್ಜಿಗೆ. "ನಿನ್ನ ಅಜ್ಜಿಗೆ ಸತ್ತರೂ ನುಚ್ಚಿನ ವಾಸನೆ ಆಗುತ್ತಿರಲಿಲ್ಲ, ಗೊತ್ತೇನು?" ಎಂದು ಕೇಳಿದರು. ಗೊತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿ ಇರುವವರೆಗೆ ನುಚ್ಚು ಮಾಡಿರಲಿಲ್ಲ. ಕಾರಣ ಅವತ್ತು ತಿಳಿಯಿತು.

ಮನೆಗೆ ಬಂದು ಆ ಅಧ್ಯಾಯ ಹರಿದೆ.

ಸಣ್ಣಾಯಿಯ ಜೊತೆ ಒಟ್ಟು ಹದಿನಾಲ್ಕು ಮಧ್ಯಾಹ್ನ ಕುಳಿತೆ. ಇಸವಿ, ತಾರೀಕು ಕೇಳಬೇಡಿ. ಹಿರಿಯರಿಗೆ ಅದು ಪರೀಕ್ಷೆಯ ಹಾಗೆ ಆಗುತ್ತದೆ. ಹಬ್ಬ ಯಾವುದು, ಹೊಲದಲ್ಲಿ ಏನಿತ್ತು, ಯಾರು ಬಸುರಿಯಾಗಿದ್ದರು ಎಂದು ಕೇಳಿ. ಅಜ್ಜನ ಬಂಧನದ ದಿನವನ್ನು ಅವರು ಹೇಳಿದ್ದು ಹೀಗೆ: ಚಿತ್ರಭಾನು ಸಂವತ್ಸರ, ದೀಪಾವಳಿಯ ಪಾಡ್ಯವಾಗಿ ಒಂದು ವಾರಕ್ಕೆ, ಸೋಮವಾರ. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಗಂಡಸರೆಲ್ಲ ಮನೆಯಲ್ಲೇ ಇರುತ್ತಾರೆ ಎಂದು ಪೊಲೀಸರಿಗೆ ಗೊತ್ತಿತ್ತು. ಕೈಗೆ ಕೈ ಕಾಣದ ಕತ್ತಲು, ಲಾಟೀನು ಹಿಡಿದು ಬಂದರು. ಹಳೆಯ ಪಂಚಾಂಗ ತೆಗೆದು ಲೆಕ್ಕ ಹಾಕಿದೆ: 1942ರ ನವೆಂಬರ್ 16.

ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ, ಆದರೆ ಅವತ್ತವತ್ತೇ ಕಾಗದದ ಮೇಲೂ ಬರೆದಿಟ್ಟುಕೊಂಡೆ. ಎರಡನೆಯದನ್ನು ಬಿಡಬೇಡಿ. ಎರಡು ವರ್ಷದ ಮೇಲೆ ನನ್ನ ಮೊಬೈಲು ಕೆಟ್ಟು ನಾಲ್ಕು ಮಧ್ಯಾಹ್ನದ ಮಾತು ಹೋಯಿತು. ಉಳಿದದ್ದು ನೋಟುಪುಸ್ತಕದಲ್ಲಿ ಇದ್ದದ್ದು ಮಾತ್ರ.

2019ರ ಜನವರಿಯಲ್ಲಿ ಮುಂಬಯಿ. ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜಿನ ಹಳೆಯ ಕಟ್ಟಡದಲ್ಲಿದೆ. ಚಳವಳಿಗೆ ಸಂಬಂಧಿಸಿದ್ದನ್ನು ಹುಡುಕುವವರು ಗೃಹ ಇಲಾಖೆಯ 'ವಿಶೇಷ' ವಿಭಾಗದ ಕಡತಗಳನ್ನು ಕೇಳಬೇಕು. ಗುರುತಿನ ಚೀಟಿಯ ನಕಲು, ಯಾವ ವಿಷಯ ಎಂದು ತಿಳಿಸುವ ಅರ್ಜಿ, ಒಂದು ಪರಿಚಯ ಪತ್ರ ಇವಿಷ್ಟನ್ನು ನಾನು ಯಾವ ಪತ್ರಾಗಾರಕ್ಕೆ ಹೋದರೂ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನಾನು ವಿಶ್ವವಿದ್ಯಾಲಯದವಳಲ್ಲ; ಪರಿಚಯ ಪತ್ರವನ್ನು ನಾನು ಓದಿದ ಕಾಲೇಜಿನ ಪ್ರಾಚಾರ್ಯರು ಕೊಟ್ಟರು. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ. ಒಂಬತ್ತು ದಿನಕ್ಕೆ ಓಡಾಟ, ಊಟ, ವಸತಿ, ನಕಲು ಸೇರಿ 17,400 ರೂಪಾಯಿ ಖರ್ಚಾಯಿತು.

ಆರು ದಿನ ಏನೂ ಸಿಗಲಿಲ್ಲ. ಹಾಗೆಂದು ಆ ಕಾಗದಗಳನ್ನು ಓದಿದ್ದು ವ್ಯರ್ಥವಲ್ಲ. ತಂತಿ, ರೈಲು, ಟಪಾಲು ಇವುಗಳಿಗಾಗಿ ಸರ್ಕಾರ ಅಷ್ಟು ಹೆದರಿದ್ದು ಏಕೆಂದು ಅಲ್ಲಿ ಅರ್ಥವಾಯಿತು. ಜಪಾನೀಯರು ಬರ್ಮಾವನ್ನು ಹಿಡಿದಿದ್ದರು, ಸೈನ್ಯ ಮತ್ತು ಸಾಮಾನು ಓಡಾಡುವುದು ಇದೇ ಹಳಿಗಳ ಮೇಲೆ. ಹಳ್ಳಿಯ ಹುಡುಗ ಕಡಿದ ಹತ್ತು ಮಾರು ತಂತಿ ಅವರ ಲೆಕ್ಕದಲ್ಲಿ ಯುದ್ಧಕ್ಕೆ ಹಾಕಿದ ಅಡ್ಡಿ. ಅದಕ್ಕೇ ಭಾರತ ರಕ್ಷಣಾ ನಿಯಮಗಳ ಅಡಿ ವಿಚಾರಣೆಯಿಲ್ಲದೆ ಒಳಗೆ ಹಾಕುತ್ತಿದ್ದರು.

ಏಳನೆಯ ದಿನ ನಮ್ಮ ಊರಿನ ಹೆಸರು ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಅರ್ಧ ಪುಟ. ಅಜ್ಜನ ಹೆಸರನ್ನು ತಪ್ಪಾಗಿ ಬರೆದಿದ್ದಾರೆ. ನವೆಂಬರ್ 16, ಬೆಳಿಗ್ಗೆ ಆರು ಗಂಟೆಗೆ ಮನೆ ಶೋಧಿಸಿ ಮೂವರನ್ನು ಹಿಡಿಯಲಾಯಿತು. ಅಷ್ಟೇ. ತಾರೀಕು ಸಣ್ಣಾಯಿ ಹೇಳಿದ್ದೇ! ಓದುವ ಕೊಠಡಿಯಲ್ಲಿ ಕುಳಿತು ಅತ್ತೆ. ಆದರೆ ಆರು ಗಂಟೆ? ನಮ್ಮ ಕಡೆ ಆರಕ್ಕೆ ಬೆಳಕು ಹರಿಯುತ್ತಿರುತ್ತದೆ, ಲಾಟೀನು ಬೇಕಿಲ್ಲ. ನೋಟುಪುಸ್ತಕದಲ್ಲಿ ಸಣ್ಣಾಯಿಯ 'ಕೈಗೆ ಕೈ ಕಾಣದ ಕತ್ತಲು' ಎಂಬ ಮಾತಿನ ಪಕ್ಕ ಪೆನ್ಸಿಲಿನಲ್ಲಿ 'ನೆನಪಿನ ತಪ್ಪು' ಎಂದು ಬರೆದುಕೊಂಡೆ.

ಮಾಹಿತಿ ಕೊಟ್ಟವರು ಯಾರೆಂಬುದು ಕಡತದಲ್ಲಿ ಇರಲಿಲ್ಲ. ನಮ್ಮ ಮನೆತನಕ್ಕೆ ಅದೇ ಮುಖ್ಯ ಪ್ರಶ್ನೆ. ಅಜ್ಜಿಯ ಅಣ್ಣ ಆಗ ಊರಿನ ಪೊಲೀಸ್ ಪಾಟೀಲರು, ಅಂದರೆ ಸರ್ಕಾರದ ಪರವಾಗಿ ಊರಿನ ಪೊಲೀಸ್ ಕೆಲಸ ನೋಡುವವರು. ಅವರೇ ಹಿಡಿದುಕೊಟ್ಟರು ಎಂದು ಊರು ಎಂಬತ್ತು ವರ್ಷ ಆಡಿಕೊಂಡಿದೆ. ಸಣ್ಣಾಯಿ ಹೇಳುವುದು ಬೇರೆ: ಆತ ಸಂಜೆ ಮನೆಗೆ ಬಂದು ಮಜ್ಜಿಗೆ ಕೇಳಿದರೆ ಆ ರಾತ್ರಿ ಮನೆ ಬರಿದಾಗಿರಬೇಕು ಎಂದು ಅರ್ಥ. ಮೂರು ಸಲ ಹಾಗೆ ಬಂದು ಉಳಿಸಿದ್ದರು. ಆ ಭಾನುವಾರ ಸಂಜೆ ಬರಲಿಲ್ಲ. ಏಕೆ ಬರಲಿಲ್ಲ ಎಂಬುದು ಯಾರಿಗೂ ಗೊತ್ತಿಲ್ಲ. ಅಜ್ಜಿ ಮುಂದೆ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ, ಆದರೆ ಪ್ರತಿ ನಾಗರ ಪಂಚಮಿಗೆ ಒಂದು ತಂಬಿಗೆ ಮಜ್ಜಿಗೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು ಒಳಗೆ ಬರುತ್ತಿದ್ದರು. ಕಾದಂಬರಿ ಎಲ್ಲಿದೆ ಎಂದು ನನಗೆ ತಿಳಿದದ್ದು ಅಲ್ಲಿ.

ದೊಡ್ಡಪ್ಪನಿಗೆ ವಿಷಯ ತಿಳಿದಾಗ ಸಿಟ್ಟಾದರು. ಸತ್ತವರ ಮೇಲೆ ಬರೆದು ಏನು ಪಡೆಯುತ್ತೀ ಎಂದರು. ಎಂಟು ತಿಂಗಳು ಮಾತು ಬಿಟ್ಟರು. ನಾನು ಕದ್ದು ಬರೆಯಲಿಲ್ಲ. ಪಾಟೀಲರ ಅಧ್ಯಾಯಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಅವರಿಗೆ ಕಳಿಸಿಕೊಟ್ಟೆ. ಒಂದು ದಿನ ಫೋನ್ ಬಂತು: "ಮಾವ ಮೀಸೆ ಇಟ್ಟಿರಲಿಲ್ಲ. ತೆಗೆದುಬಿಡು." ಅದೇ ಅವರ ಒಪ್ಪಿಗೆ. ನಿಮ್ಮ ಮನೆಯವರು ಒಪ್ಪದಿದ್ದರೆ ಕಾಯಿರಿ, ಓದಲು ಕೊಡಿ, ಹೆಸರು ಮತ್ತು ಊರು ಬದಲಿಸಿ. ನಾನು ಎರಡನ್ನೂ ಬದಲಿಸಿದ್ದೇನೆ.

ದಾಖಲೆಯ ಬಗ್ಗೆ ಇನ್ನೊಂದು. ಅಜ್ಜ ಯಾವ ಜೈಲಿನಲ್ಲಿ ಎಷ್ಟು ದಿನ ಇದ್ದರು ಎಂದು ತಿಳಿಯಲು ಮಾಹಿತಿ ಹಕ್ಕಿನ ಅಡಿ 10 ರೂಪಾಯಿ ಕಟ್ಟಿ ಒಂದು ಕಚೇರಿಗೆ ಅರ್ಜಿ ಹಾಕಿದೆ. ಇಪ್ಪತ್ತೆಂಟನೆಯ ದಿನ 'ಲಭ್ಯವಿಲ್ಲ' ಎಂದು ಬಂತು. ಮೇಲ್ಮನವಿಗೂ ಅದೇ ಉತ್ತರ. ಒಂದು ವರ್ಷದ ಮೇಲೆ ದೇವರ ಮಾಡದಲ್ಲಿ, ಹಳೆಯ ಪಟದ ಹಿಂದೆ, ಅಜ್ಜನ ಸ್ವಾತಂತ್ರ್ಯ ಯೋಧರ ಪಿಂಚಣಿ ಅರ್ಜಿಯ ನಕಲು ಸಿಕ್ಕಿತು. ಆ ಪಿಂಚಣಿಗೆ ಕನಿಷ್ಠ ಆರು ತಿಂಗಳ ಸೆರೆವಾಸ ತೋರಿಸಬೇಕಿದ್ದುದರಿಂದ ಅದರ ಜೊತೆ ಜೈಲಿನ ಪ್ರಮಾಣಪತ್ರವನ್ನು ಲಗತ್ತಿಸಿದ್ದರು. ಒಳಗೆ ಹೋದ ದಿನ, ಹೊರಗೆ ಬಂದ ದಿನ, ಎಲ್ಲ ಇತ್ತು. ಕಚೇರಿಗಳಿಗೆ ಅಲೆಯುವ ಮೊದಲು ಮನೆಯ ಪಿಂಚಣಿ ಕಾಗದ ಹುಡುಕಿ.

ಬರೆಯುವ ಕಷ್ಟವೇ ಬೇರೆ. ಮೊದಲ ಕರಡಿನಲ್ಲಿ ಅಂದು ಒಂದು ಅಧ್ಯಾಯ, ಇಂದು ಒಂದು ಅಧ್ಯಾಯ ಎಂದು ಜಡೆ ಹೆಣೆದ ಹಾಗೆ ಹೆಣೆದಿದ್ದೆ. ಓದಿದ ಗೆಳತಿ, "ಈಗಿನ ಭಾಗ ಬಂದಾಗಲೆಲ್ಲ ಪುಟ ಹಾರಿಸಿದೆ" ಎಂದಳು. ನೋವಾಯಿತು, ಆದರೆ ಅವಳು ಹೇಳಿದ್ದು ನಿಜ. ನನ್ನ ಇಂದಿನ ಹುಡುಗಿಗೆ ಅಜ್ಜನ ಕಥೆ ಕೇಳುವುದನ್ನು ಬಿಟ್ಟು ಬೇರೆ ಬದುಕೇ ಇರಲಿಲ್ಲ. 1942ರಲ್ಲಿ ಜೀವ ಹೋಗುವ ಭಯ, 2018ರಲ್ಲಿ ಬರೀ ಕುತೂಹಲ. ತಕ್ಕಡಿ ಹೇಗೆ ತೂಗೀತು? ಒಂದು ವರ್ಷ ಒಡೆದು ಕಟ್ಟಿದೆ. ಮನೆ ಕೊಳ್ಳುವವರು ಹಿತ್ತಲಿನ ಹಗೇವುಗಳಿಗೆ ಮಣ್ಣು ತುಂಬಿಸಿಕೊಡಿ ಎನ್ನುತ್ತಾರೆ, ಮಗಳಿಗೆ ತಂದೆಯ ಚಿಕಿತ್ಸೆಗೆ ದುಡ್ಡು ಬೇಕು, ಹಾಸಿಗೆ ಹಿಡಿದ ತಂದೆ ಮಾತ್ರ ಒಂದು ಹಗೇವನ್ನು ಮುಚ್ಚಬೇಡ ಎನ್ನುತ್ತಾನೆ, ಏಕೆಂದು ಹೇಳುವುದಿಲ್ಲ. ಅಲ್ಲಿಂದ ಆ ಭಾಗ ಉಸಿರಾಡಿತು.

ಎರಡನೆಯ ಪಾಠ, ಒಂದೇ ಗುಟ್ಟನ್ನು ಎರಡು ಸಲ ಬಿಚ್ಚಿದ್ದೆ. ಅಂದಿನ ಅಧ್ಯಾಯದಲ್ಲಿ ಓದುಗರು ಕಂಡದ್ದನ್ನೇ ಇಂದಿನ ಮೊಮ್ಮಗಳು ಮತ್ತೆ ಕಂಡುಹಿಡಿಯುತ್ತಿದ್ದಳು. ಅಂಥ ಏಳು ಅಧ್ಯಾಯ ತೆಗೆದೆ. ಓದುಗರಿಗೆ ಗೊತ್ತಿರುವ ಮಜ್ಜಿಗೆಯ ಅರ್ಥ ಮೊಮ್ಮಗಳಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಬಾಗಿಲಿಗೆ ಬಂದ ಪಾಟೀಲರ ಮೊಮ್ಮಗನಿಗೆ ಅವಳು ಸುಮ್ಮನೆ ಮಜ್ಜಿಗೆ ಕೊಡುತ್ತಾಳೆ. ಎರಡು ಕಾಲದ ಕಾದಂಬರಿಯನ್ನು ಬರೆಯುವವರು ಮೊದಲು ಒಂದು ಕಾಲವನ್ನು ಪೂರ್ತಿ ಬರೆಯಿರಿ, ಆಮೇಲೆ ಇನ್ನೊಂದನ್ನು, ಹೆಣೆಯುವುದು ಕೊನೆಗೆ. ನಾನು ಎರಡನೆಯ ಸಲ ಹಾಗೆ ಮಾಡಿದೆ.

ಸಣ್ಣಪುಟ್ಟ ತಪ್ಪುಗಳು ನಿದ್ದೆ ಕೆಡಿಸುತ್ತವೆ. 1942ರ ಗಣೇಶ ಚೌತಿಯ ದೃಶ್ಯದಲ್ಲಿ ಹುಡುಗನ ಕೈಗೆ ತೂತಿನ ಕಾಸು ಕೊಟ್ಟಿದ್ದೆ. ಆ ನಾಣ್ಯ ಬಂದದ್ದು 1943ರಲ್ಲಿ. ಅದನ್ನು ಪರಿಶೀಲಿಸುವಾಗಲೇ, 2022ರಲ್ಲಿ, ಯುದ್ಧಕಾಲದ ಗಡಿಯಾರದ ಸಂಗತಿ ಕಣ್ಣಿಗೆ ಬಿತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್‌ವರೆಗೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಪೊಲೀಸರ ಆರು ಗಂಟೆ ಎಂದರೆ ನಮ್ಮ ಈಗಿನ ಐದು ಗಂಟೆ. ನವೆಂಬರ್ ನಡುವಿನ ಐದು ಗಂಟೆಗೆ ಕೈಗೆ ಕೈ ಕಾಣುವುದಿಲ್ಲ.

ಸಣ್ಣಾಯಿ 2021ರಲ್ಲೇ ತೀರಿಕೊಂಡಿದ್ದರು. ನೋಟುಪುಸ್ತಕ ತೆಗೆದು 'ನೆನಪಿನ ತಪ್ಪು' ಎಂಬ ಎರಡು ಪದಗಳನ್ನು ರಬ್ಬರಿನಿಂದ ಅಳಿಸಿದೆ. ಒತ್ತಿ ಬರೆದಿದ್ದೆ, ಗುರುತು ಇನ್ನೂ ಇದೆ.

ಪ್ರಕಾಶಕರ ವಿಷಯ ಬೇಗ ಹೇಳಿಬಿಡುತ್ತೇನೆ. ಇಬ್ಬರು ಉತ್ತರಿಸಲಿಲ್ಲ. ಒಬ್ಬರು ಈಗಿನ ಕಾಲದ ಭಾಗ ತೆಗೆದರೆ ತರುತ್ತೇವೆ ಎಂದರು, ಆಗುವುದಿಲ್ಲ ಎಂದೆ. ನಾಲ್ಕನೆಯವರು ಹನ್ನೊಂದು ತಿಂಗಳು ಇಟ್ಟುಕೊಂಡು ಒಪ್ಪಿದರು. ಸ್ವಂತವಾಗಿ ತರುವವರಿಗೆ ಒಂದು ಮಾತು: ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು) ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಾಹಿತ್ಯ ಕೃತಿಗೆ 500 ರೂಪಾಯಿ, ಆಕ್ಷೇಪಣೆಗೆಂದು 30 ದಿನ ಕಾಯಬೇಕು. 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದಾಗ ನನ್ನ ಅರ್ಕಾವತ್ತುಗಳೆಲ್ಲ ಚದುರಿಹೋದವು. ಅದನ್ನು ಸರಿಪಡಿಸಲು ಇಪ್ಪತ್ತು ದಿನ ಹಿಡಿಯಿತು. ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯಿರಿ.

ಇನ್ನೊಂದು ಅಡ್ಡಿಯನ್ನು ನಾನು ಊಹಿಸಿಯೇ ಇರಲಿಲ್ಲ. ಜೈಲಿನ ಪತ್ರವನ್ನು ಹಾಗೆಯೇ ಪುಸ್ತಕದಲ್ಲಿ ಹಾಕಬೇಕೆಂದಿದ್ದೆ. ಕಾಗದ ನಮ್ಮ ಟ್ರಂಕಿನಲ್ಲಿ ಇದ್ದರೂ ಅದರಲ್ಲಿರುವ ಮಾತು ಬರೆದವರದು, ಅವರ ನಂತರ ಅವರ ವಾರಸುದಾರರದು. ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ; ಅವರು ಬದುಕಿದ್ದಾಗ ಪ್ರಕಟವಾಗದ ಬರಹವಾದರೆ ಪ್ರಕಟವಾದಾಗಿನಿಂದ 60 ವರ್ಷ. ಮಗಳೊಬ್ಬರು ಗದಗಿನಲ್ಲಿ ಇದ್ದಾರೆ ಎಂದು ತಿಳಿಯಲು ಐದು ತಿಂಗಳಾಯಿತು. ತಂದೆ ಜೈಲಿನಲ್ಲಿದ್ದಾಗ ಅವರಿಗೆ ಮೂರು ವರ್ಷವಂತೆ.

ಪತ್ರವನ್ನು ಅವರ ಮಡಿಲಲ್ಲಿ ಇಟ್ಟೆ. ತಂದೆಯ ಅಕ್ಷರವನ್ನು ಅವರು ಆವರೆಗೆ ಲೆಕ್ಕದ ವಹಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಮಸಿಯ ಪಟ್ಟಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. "ನನ್ನ ಸುದ್ದಿ ಕೇಳಿರಬಹುದು" ಎಂದರು. ಆಮೇಲೆ ಬಿಳಿ ಹಾಳೆಯ ಮೇಲೆ ಒಪ್ಪಿಗೆ ಬರೆದು ಸಹಿ ಹಾಕಿದರು, ತಮ್ಮನ ಮಕ್ಕಳಿಬ್ಬರಿಂದಲೂ ಹಾಕಿಸಿಕೊಟ್ಟರು. ಎಲ್ಲ ವಾರಸುದಾರರ ಸಹಿ ಇರಲಿ. ಮೂಲ ಪತ್ರವನ್ನು ಅವರಲ್ಲಿಯೇ ಬಿಟ್ಟು ನಕಲು ತಂದೆ.

ಅಚ್ಚಿನಲ್ಲಿ ಆ ಎರಡು ಸಾಲಿನ ಜಾಗಕ್ಕೆ ಎರಡು ಕಪ್ಪು ಪಟ್ಟಿ ಇರಬೇಕೆಂದು ಹೇಳಿದ್ದೆ. ಮೊದಲ ಕರಡಿನಲ್ಲಿ ಪಟ್ಟಿ ಕಣ್ಮರೆಯಾಗಿ ಸಾಲುಗಳು ಕೂಡಿಕೊಂಡಿದ್ದವು, ಪುಟ ಜೋಡಿಸಿದವರು ದೋಷವೆಂದು ತಿಳಿದು ತೆಗೆದಿದ್ದರು. ಎರಡನೆಯದರಲ್ಲಿ ಒಂದೇ ಪಟ್ಟಿ. ಮೂರನೆಯದರಲ್ಲಿ ಸರಿಯಾಯಿತು.

ಪುಸ್ತಕ ಬಂದ ಮರುದಿನ ಗದಗಿಗೆ ಹೋದೆ. ಅವರಿಗೆ ಈಗ ಓದಲು ಕಣ್ಣು ಸಾಲದು. ಪತ್ರ ಇರುವ ಪುಟ ತೆಗೆದು ಓದು ಎಂದರು. ಓದುತ್ತಾ ಪಟ್ಟಿಯವರೆಗೆ ಬಂದೆ. ಮುಂದಿನ ಸಾಲಿಗೆ ಹೋಗಲು ಬಾಯಿ ತೆಗೆದಾಗ ಅವರು ಕೈ ಎತ್ತಿ ತಡೆದರು. ಗೋಡೆಯ ಕಡೆ ನೋಡುತ್ತಾ, ಎರಡು ಸಾಲು ಓದುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ಇಳಿಸಿ, "ಈಗ ಮುಂದೆ ಓದು" ಎಂದರು.